ಹಡಗಿನ ಕೈಪಿಡಿಯಲ್ಲಿ ನಮ್ಮ ಬಸದಿಗಳು



ನಮ್ಮ ತೀರ್ಥಕ್ಷೇತ್ರಗಳ ಪರಿಚಯವನ್ನು ಪರದೇಶದವರಿಗೆ ಮಾಡಿಕೊಡುವ ಹೊಣೆ ಯಾರದು? ಈ ಪ್ರಶ್ನೆಗೆ ನಮ್ಮ ಸಮಾಜವು ನೇರವಾದ ಉತ್ತರ ಕೊಟ್ಟಿಲ್ಲ. ಉತ್ತರ ಕೊಡಬೇಕಾದವನು ಸುಮ್ಮನಿದ್ದರೆ ಅವನ ಪರವಾಗಿ ಮತ್ತೊಬ್ಬನು ಮಾತನಾಡುವುದು ಲೋಕರೂಢಿ. ಅರಬ್ಬೀ ಸಮುದ್ರದ ಮೇಲೆ ಸಾಗಿ ಬರುವ ವಿಹಾರನೌಕೆಗಳ ಪ್ರವಾಸಿಗರಿಗೆ ಹಂಚಲಾಗುವ ಬಂದರು ಮಾಹಿತಿ ಕೈಪಿಡಿಗಳು ಇಂದು ನಮ್ಮ ಪರವಾಗಿ ಹಾಗೆ ಮಾತನಾಡುತ್ತಿವೆ. ಅವುಗಳನ್ನು ಬರೆಯುವವರನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಬಸದಿಯ ಪರಿಚಯಪತ್ರವನ್ನು ಬಸದಿಯವರೇ ಬರೆಯಬೇಕು, ಬರೆದು ಹಡಗು ದಡ ಸೇರುವ ಮುನ್ನವೇ ಪ್ರವಾಸಿಗನ ಕೈಗೆ ಮುಟ್ಟಿಸಬೇಕು, ಇದು ಟ್ರಸ್ಟುಗಳ ಧಾರ್ಮಿಕ ಕರ್ತವ್ಯಗಳಲ್ಲಿ ಒಂದು ಎಂಬುದು ನನ್ನ ವಾದ.

ನವಲಗುಂದ ತಾಲೂಕಿನ ಮೊರಬದಲ್ಲಿ ಕುಳಿತವನಿಗೆ ಹಡಗಿನ ಚಿಂತೆ ಏಕೆಂದು ಕೆಲವರು ನಗಬಹುದು. ನಮ್ಮದು ಎರೆಭೂಮಿಯ ಸೀಮೆ. ಇಲ್ಲಿ ಕಡಲೆ, ಹತ್ತಿ, ಹೆಸರುಗಳ ಮಾತು ಸಲ್ಲುವಷ್ಟು ಕಡಲಿನ ಮಾತು ಸಲ್ಲದು. ಆದರೆ ವ್ಯಾಪಾರದ ಒಂದು ಸತ್ಯವನ್ನು ಈ ಸೀಮೆಯ ಪ್ರತಿಯೊಬ್ಬ ವರ್ತಕನೂ ಬಲ್ಲನು. ನೂರು ಚೀಲ ಕಡಲೆಯ ದರವು ಒಂದು ಹಿಡಿ ಮಾದರಿಯಿಂದ ನಿಶ್ಚಯವಾಗುತ್ತದೆ. ಆ ಹಿಡಿಯನ್ನು ಯಾವ ಚೀಲದಿಂದ, ಯಾವ ಪದರದಿಂದ ಯಾರು ತೆಗೆದರು ಎಂಬುದರ ಮೇಲೆ ಒಕ್ಕಲಿಗನ ವರ್ಷದ ದುಡಿಮೆಯ ಬೆಲೆ ನಿಂತಿರುತ್ತದೆ. ಕೈಪಿಡಿಯೂ ಅಂಥ ಒಂದು ಮಾದರಿ. ಸಾವಿರಾರು ವರ್ಷಗಳ ಧರ್ಮಪರಂಪರೆಯಿಂದ ನಾಲ್ಕು ವಾಕ್ಯಗಳ ಹಿಡಿಯನ್ನು ತೆಗೆದು ಪರದೇಶದ ಓದುಗನ ಮುಂದೆ ಇಡುವ ಕೆಲಸವನ್ನು ನಾವು ದಲಾಲರಿಗೆ ಬಿಟ್ಟುಕೊಟ್ಟಿದ್ದೇವೆ.

ವಸ್ತುಸ್ಥಿತಿಯನ್ನು ಮೊದಲು ನೋಡೋಣ. ಮಂಗಳೂರಿನ ಉತ್ತರಕ್ಕೆ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಕಬ್ಬಿಣದ ಅದಿರು, ಕಚ್ಚಾತೈಲ, ಕಾಫಿ, ಗೇರುಬೀಜಗಳ ಸಾಗಾಟದಿಂದ ಪ್ರಸಿದ್ಧವಾದ ಈ ಬಂದರಿಗೆ ಮುಂಬಯಿ, ಗೋವಾ, ಕೊಚ್ಚಿಗಳ ನಡುವೆ ಸಂಚರಿಸುವ ವಿಹಾರನೌಕೆಗಳೂ ಬರುತ್ತವೆ. 2020ರ ಮಹಾಮಾರಿಯಿಂದ ನಿಂತುಹೋಗಿದ್ದ ಈ ಸಂಚಾರವು 2022ರ ನವೆಂಬರ್ ತಿಂಗಳ ಕೊನೆಯಲ್ಲಿ ‘ಯುರೋಪಾ 2’ ಎಂಬ ನೌಕೆಯ ಆಗಮನದೊಂದಿಗೆ ಪುನಃ ಆರಂಭವಾಯಿತು. ಮಳೆಗಾಲ ಕಳೆದ ಮೇಲೆ ಬೇಸಗೆಯ ತನಕ ಇದರ ಕಾಲ. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುವುದು ವಾಡಿಕೆ. ಇಳಿದವರನ್ನು ಬಸ್ಸುಗಳಲ್ಲಿ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಪೇಟೆ ಮುಂತಾದೆಡೆ ಕರೆದೊಯ್ಯುವಂತೆಯೇ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಬಾಹುಬಲಿ ಬೆಟ್ಟಕ್ಕೂ ಕರೆತರುತ್ತಾರೆ. ಹೀಗೆ ಎರಡು ಜೈನ ಕ್ಷೇತ್ರಗಳು ಒಂದು ಬಂದರಿನ ‘ನೋಡತಕ್ಕ ಸ್ಥಳ’ಗಳ ಪಟ್ಟಿಯಲ್ಲಿ ಸೇರಿವೆ.

ಇನ್ನು ಕೈಪಿಡಿಯ ಸ್ವರೂಪ. ಹಡಗು ಬಂದರನ್ನು ಮುಟ್ಟುವ ಹಿಂದಿನ ರಾತ್ರಿ ಪ್ರವಾಸಿಗನ ಕೋಣೆಗೆ ಕೆಲವು ಪುಟಗಳ ಒಂದು ಪತ್ರ ಬರುತ್ತದೆ. ಈಗೀಗ ಅದು ದೂರವಾಣಿಯ ಪರದೆಯ ಮೇಲೂ ಮೂಡುತ್ತದೆ. ಇಳಿಯುವ ಹೊತ್ತು, ಮರಳಿ ಹತ್ತಬೇಕಾದ ಹೊತ್ತು, ಊರಿನ ನಕಾಶೆ, ನಾಣ್ಯದ ವಿನಿಮಯ, ಬಾಡಿಗೆ ವಾಹನ, ಉಡುಪಿನ ಸೂಚನೆ, ನೋಡತಕ್ಕ ಸ್ಥಳಗಳು, ಕೊಳ್ಳತಕ್ಕ ವಸ್ತುಗಳು ಎಂಬುದು ಅದರ ಸಾಮಾನ್ಯ ಕ್ರಮ. ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ, ಮಾಹಿತಿಯು ಬದಲಾಗಬಹುದು, ಹೆಚ್ಚುಕಡಿಮೆಗೆ ಕಂಪನಿ ಹೊಣೆಯಲ್ಲ ಎಂಬ ಮಾತು. ಕೆರಿಬಿಯನ್ ದ್ವೀಪಗಳು, ಅಲಾಸ್ಕಾ ಮುಂತಾದ ದೊಡ್ಡ ವಿಹಾರಮಾರ್ಗಗಳಲ್ಲಿ ಹಂಚುವ ಖರೀದಿಯ ನಕಾಶೆಗಳಲ್ಲಿ ಪ್ರಚಾರಶುಲ್ಕ ಕೊಟ್ಟ ಅಂಗಡಿಗಳ ಹೆಸರನ್ನು ‘ಶಿಫಾರಸು ಮಾಡಿದವು’ ಎಂದು ಎತ್ತಿ ತೋರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಓದುಗನಿಗೆ ಅದು ಮಾಹಿತಿ. ಮುದ್ರಿಸಿದವನಿಗೆ ಅದು ಜಾಹೀರಾತು. ವರ್ತಕನಾದ ನನಗೆ ಜಾಹೀರಾತಿನ ಮೇಲೆ ದ್ವೇಷವಿಲ್ಲ. ಆದರೆ ಜಾಹೀರಾತು ಮಾಹಿತಿಯ ವೇಷ ತೊಡುವುದು, ಆ ಪುಟದ ಪಕ್ಕದಲ್ಲಿಯೇ ಜಿನಮಂದಿರದ ವರ್ಣನೆ ಬರುವುದು, ಇವೆರಡೂ ವಿಚಾರಕ್ಕೆ ಯೋಗ್ಯ.

ಸ್ವಲ್ಪ ಲೆಕ್ಕ ಹಾಕೋಣ. ಪಣಂಬೂರಿನಿಂದ ಮೂಡುಬಿದಿರೆಗೆ ಸುಮಾರು 35, ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರು. ಹಡಗು ದಡದಲ್ಲಿರುವ ಎಂಟು ಒಂಬತ್ತು ಗಂಟೆಗಳಲ್ಲಿ ಇಳಿಯುವ, ಹತ್ತುವ, ತಪಾಸಣೆಯ ಹೊತ್ತನ್ನು ಕಳೆಯಿರಿ. ಹೋಗಿಬರುವ ದಾರಿಯ ಮೂರು ಗಂಟೆಗಳನ್ನು ಕಳೆಯಿರಿ. ಊಟವನ್ನೂ ಪೇಟೆಯನ್ನೂ ಕಳೆಯಿರಿ. ಭಗವಾನ್ ಚಂದ್ರನಾಥ ಸ್ವಾಮಿಯ ಸನ್ನಿಧಿಗೆ ಉಳಿಯುವುದು ಅರ್ಧ ಗಂಟೆ ಅಥವಾ ಮುಕ್ಕಾಲು ಗಂಟೆ. ಅಷ್ಟರಲ್ಲಿ ಯಾವ ಮಾರ್ಗದರ್ಶಿಯೂ ಜೈನಧರ್ಮವನ್ನು ತಿಳಿಸಲಾರನು. ಆದುದರಿಂದ ಹಿಂದಿನ ರಾತ್ರಿ ಓದಿದ ನಾಲ್ಕು ವಾಕ್ಯಗಳೇ ಪ್ರವಾಸಿಗನ ಕಣ್ಣಿಗೆ ದೃಷ್ಟಿ ಕೊಡುತ್ತವೆ. ಕಂಬಗಳನ್ನು ಎಣಿಸು ಎಂದು ಓದಿ ಬಂದವನು ಕಂಬಗಳನ್ನೇ ಎಣಿಸುತ್ತಾನೆ. ನಲವತ್ತೆರಡು ಅಡಿಯ ಏಕಶಿಲೆ ಎಂದು ಓದಿ ಬಂದವನು ಎತ್ತರವನ್ನು ನೋಡಿ, ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಮರಳುತ್ತಾನೆ.

ಕಂಬಗಳೂ ಅಡಿಗಳೂ ಸುಳ್ಳಲ್ಲ. ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಕಂಬಗಳ ಕೆತ್ತನೆಯನ್ನು ನೋಡಿ ಬೆರಗಾಗದವರಾರು? ಆದರೆ 1430ರಲ್ಲಿ ಆ ಬಸದಿಯ ನಿರ್ಮಾಣ ನಡೆದುದು ಕಂಬಗಳಿಗೋಸ್ಕರವಲ್ಲ, ಎಂಟನೆಯ ತೀರ್ಥಂಕರರ ಬಿಂಬಕ್ಕೋಸ್ಕರ. ಅದೇ ಊರಿನಲ್ಲಿ ಷಟ್ಖಂಡಾಗಮದ ಧವಲಾದಿ ಟೀಕೆಗಳ ತಾಳೆಗರಿಯ ಪ್ರತಿಗಳನ್ನು ನಮ್ಮ ಹಿರಿಯರು ಶತಮಾನಗಳ ಕಾಲ ಕಾಪಾಡಿದರು. ಪ್ರಾಕೃತ ಭಾಷೆಯ ಆ ಸಿದ್ಧಾಂತಗ್ರಂಥಗಳು ನಮ್ಮ ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1959ರ ವರೆಗೆ ಧವಲಾ ಟೀಕೆಯು 16 ಸಂಪುಟಗಳಲ್ಲಿ ಮುದ್ರಣಗೊಂಡುದು ಮೂಡುಬಿದಿರೆಯ ಈ ರಕ್ಷಣೆಯ ಫಲ. ಜರ್ಮನಿಯಿಂದಲೋ ಇಟಲಿಯಿಂದಲೋ ಬಂದ ವಿದ್ಯಾವಂತನಿಗೆ ಇದನ್ನು ಎರಡು ವಾಕ್ಯಗಳಲ್ಲಿ ತಿಳಿಸಿದರೆ, ಒಂದು ಸಣ್ಣ ಊರು ಒಂದು ಆಗಮವನ್ನೇ ಉಳಿಸಿತು ಎಂಬುದನ್ನು ಅವನು ಕಂಬಗಳ ಸಂಖ್ಯೆಗಿಂತ ಹೆಚ್ಚು ಕಾಲ ನೆನಪಿನಲ್ಲಿಡುವನು.

ಕಾರ್ಕಳದ ವಿಚಾರವೂ ಹಾಗೆಯೇ. 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಆ ಮೂರ್ತಿಯ ಎತ್ತರವನ್ನು ಹೇಳಿ, ಅದು ಏಕೆ ನಿರ್ವಸ್ತ್ರವಾಗಿ ನಿಂತಿದೆಯೆಂಬುದನ್ನು ಹೇಳದೆ ಬಿಡುವುದು ಪ್ರವಾಸಿಗನಿಗೂ ಅನ್ಯಾಯ, ಮೂರ್ತಿಗೂ ಅನ್ಯಾಯ. ಅಣ್ಣನಾದ ಭರತನನ್ನು ಗೆದ್ದ ಮೇಲೆ, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟುಕೊಟ್ಟು, ಮೈಮೇಲೆ ಬಳ್ಳಿ ಹಬ್ಬುವ ತನಕ ಧ್ಯಾನದಲ್ಲಿ ನಿಂತವನ ಪ್ರತಿಮೆ ಅದು. ಬಿಡುವುದಕ್ಕೆ ಇನ್ನೇನೂ ಉಳಿಯದವನ ಸ್ಥಿತಿಯೇ ಆ ದಿಗಂಬರತ್ವ. ಈ ಒಂದು ಮಾತನ್ನು ಮೊದಲೇ ತಿಳಿದು ಬಂದವನು ಬೆಟ್ಟದ ಮೇಲೆ ನಗಲಾರನು.

ಪರಮತದ ಲೇಖಕನ ಮೇಲೆ ನಮ್ಮ ಶಾಸ್ತ್ರವನ್ನು ಹೇರುವ ಅಧಿಕಾರ ನಮಗಿಲ್ಲ. ನಮ್ಮನ್ನು ನಾವು ಅದರಿಂದ ಅಳೆದುಕೊಳ್ಳಬಹುದು. ವಸ್ತುವಿನ ಒಂದು ಮುಖವನ್ನು ಹೇಳುವ ಮಾತಿಗೆ ‘ನಯ’ವೆಂದು ಹೆಸರು. ಆ ಒಂದು ಮುಖವೇ ಪೂರ್ಣವೆಂದು ಸಾಧಿಸಿದರೆ ಅದು ದುರ್ನಯವಾಗುತ್ತದೆ. ‘ಸಾವಿರ ಕಂಬಗಳ ಮಂದಿರ’ ಎಂಬುದು ಶಿಲ್ಪದ ಮುಖದಿಂದ ಆಡಿದ ಸರಿಯಾದ ಮಾತು. ಉಳಿದ ಮುಖಗಳನ್ನು ಬಲ್ಲವರು ಬಾಯಿಬಿಡದೆ ಕುಳಿತಾಗ ಅದೇ ಮಾತು ಏಕಾಂತವಾಗಿ ಬಿಡುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ವಂಚನೆಯ ಬರಹವನ್ನು, ಎಣಿಸಿದೆ. ನಾವು ಯಾರ ಪರವಾಗಿಯೂ ಕಪಟದ ಬರಹ ಬರೆದಿಲ್ಲ ಎಂದು ಸಮಾಧಾನ ಪಡಬಹುದು. ಆದರೆ ತನ್ನ ಮನೆಯ ದಸ್ತಾವೇಜನ್ನು ಬೇರೆಯವರು ಅರೆಬರೆಯಾಗಿ ಬರೆಯುತ್ತಿರುವಾಗ ಪಕ್ಕದಲ್ಲಿಯೇ ಕುಳಿತ ಯಜಮಾನನ ಮೌನಕ್ಕೆ ಏನೆನ್ನಬೇಕು?

ಈ ವಾದಕ್ಕೆ ಮೂರು ಬಗೆಯ ಆಕ್ಷೇಪಗಳು ಬರುವುದು ಸಹಜ.

ಮೊದಲನೆಯದು, ಇಂಥ ಪ್ರವಾಸಿಗರನ್ನು ಬಸದಿಯೊಳಗೆ ಬಿಡಲೇಬಾರದು ಎಂಬ ಮಾತು. ಇದನ್ನು ಹೇಳುವವರು ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನವನ್ನು ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ಆಫ್ರಿಕೆಯ ಜಿರಾಫೆಯೂ ಚೀನದ ಡ್ರಾಗನ್ ಎಂಬ ಕಾಲ್ಪನಿಕ ಪ್ರಾಣಿಯೂ ಕಲ್ಲಿನಲ್ಲಿ ಮೂಡಿವೆ. ಕರಾವಳಿಯ ಕಡಲ ವ್ಯಾಪಾರದ ಮೂಲಕ ತಿಳಿದುಬಂದ ದೂರದೇಶದ ಸುದ್ದಿಯನ್ನು ಅಂದಿನವರು ಬಸದಿಯ ಕಲ್ಲಿನ ಮೇಲೆ ಕೆತ್ತಿಸಿದರು. ಹಡಗಿನಲ್ಲಿ ಬಂದ ಲೋಕಕ್ಕೆ ಅವರು ಬೆದರಲಿಲ್ಲ. ಅದಕ್ಕೆ ಎಲ್ಲಿ ಸ್ಥಳ ಕೊಡಬೇಕೆಂಬುದನ್ನು ಬಲ್ಲವರಾಗಿದ್ದರು. ಅದು ಹೊರಗಿನ ಮಂಟಪದ ಅಧಿಷ್ಠಾನದಲ್ಲಿದೆ, ಗರ್ಭಗೃಹದಲ್ಲಿಲ್ಲ. ಆ ವಿವೇಕವನ್ನು ನಾವೂ ಅನುಸರಿಸೋಣ. ಜಿನೇಂದ್ರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವಿತ್ತೆಂದು ಓದುವ ನಾವು ಮನುಷ್ಯನಿಗೆ ಬಾಗಿಲು ಮುಚ್ಚುವುದು ಶೋಭಿಸದು.

ಎರಡನೆಯದು, ಪ್ರವಾಸಿಗರು ಬಂದರೆ ಕಾಣಿಕೆ ಬರುತ್ತದೆ, ಊರಿನವರಿಗೆ ನಾಲ್ಕು ಕಾಸಿನ ಸಂಪಾದನೆಯಾಗುತ್ತದೆ, ಅವರು ಏನನ್ನು ಓದಿ ಬಂದರೇನು ಎಂಬ ಮಾತು. ಊರಿನವರ ಸಂಪಾದನೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಜಮಾಖರ್ಚು ಬರೆದು ಬಲ್ಲವರು ಉತ್ತರಿಸಲಿ: ಸಂದರ್ಶಕರಿಂದ ಬಂದ ಹಣವನ್ನು ಜಮೆಯ ಪುಟದಲ್ಲಿ ಬರೆಯುವ ಟ್ರಸ್ಟು, ಸಂದರ್ಶಕರಿಗೆ ಧರ್ಮವನ್ನು ತಿಳಿಸಲು ಮಾಡಿದ ವೆಚ್ಚವನ್ನು ಖರ್ಚಿನ ಪುಟದಲ್ಲಿ ಎಷ್ಟೆಂದು ಬರೆದಿದೆ? ಆ ಸಾಲು ಬರಿದಾಗಿದ್ದರೆ ಅಲ್ಲಿ ಲೆಕ್ಕ ಸರಿಹೊಂದಿದ್ದರೂ ಧರ್ಮ ಸರಿಹೊಂದಿಲ್ಲ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವವರು ನಾವು. ಎರಡು ಪುಟದ ಪತ್ರವೂ ಶಾಸ್ತ್ರದಾನವೇ.

ಮೂರನೆಯದು, ಇದು ಸರಕಾರದ ಪ್ರವಾಸೋದ್ಯಮ ಇಲಾಖೆಯ ಕೆಲಸ ಎಂಬ ಮಾತು. ಸರಕಾರದ ಭಾಷೆಯಲ್ಲಿ ಕ್ಷೇತ್ರವು ‘ಪ್ರವಾಸಿ ತಾಣ’ವಾದರೆ ಏನಾಗುತ್ತದೆ ಎಂಬುದನ್ನು ಸಮ್ಮೇದ ಶಿಖರಜಿಯ ಪ್ರಕರಣದಲ್ಲಿ ಕಂಡಿದ್ದೇವೆ. ಇಪ್ಪತ್ತು ತೀರ್ಥಂಕರರು ನಿರ್ವಾಣ ಹೊಂದಿದ ಆ ಪರ್ವತದ ಪರಿಸರದಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶ ನೀಡುವ ಅಂಶಗಳು 2019ರ ಕೇಂದ್ರ ಅಧಿಸೂಚನೆಯಲ್ಲಿದ್ದವು. ಸಮಾಜವು ದೇಶದಾದ್ಯಂತ ಬೀದಿಗಿಳಿದ ಮೇಲೆ, 2023ರ ಜನವರಿ 5ರಂದು ಆ ಅಂಶಗಳಿಗೆ ತಡೆ ಬಂದಿತು. ಒಂದು ಶಬ್ದವನ್ನು ಆರಂಭದಲ್ಲಿಯೇ ತಿದ್ದದಿದ್ದರೆ ಮುಂದೆ ಅದನ್ನು ತಿದ್ದಲು ಎಷ್ಟು ಶ್ರಮ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಅಧಿಕಾರಿಗಳಿಗೆ ದುರುದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಕ್ಷೇತ್ರವು ಏನೆಂಬುದನ್ನು ನಾವು ಮುಂಚೆಯೇ ಬರೆದುಕೊಡದಿದ್ದರೆ ಅವರು ತಮಗೆ ತಿಳಿದ ಶಬ್ದವನ್ನು ಬಳಸುತ್ತಾರೆ.

ಮಾಡಿ ತೋರಿಸಿದವರು ನಮ್ಮಲ್ಲಿಯೇ ಇದ್ದಾರೆ. ರಾಜಸ್ಥಾನದ ರಾಣಕಪುರದ ಮಂದಿರವೂ ಕಂಬಗಳಿಗೆ ಪ್ರಸಿದ್ಧ. 1444 ಕಂಬಗಳೆಂದು ಅದರ ಖ್ಯಾತಿ. ಅಲ್ಲಿ ಆನಂದಜಿ ಕಲ್ಯಾಣಜಿ ಪೇಢಿಯವರು ಬೆಳಗಿನ ಹೊತ್ತನ್ನು ಪೂಜೆಗೆ ಮೀಸಲಿಟ್ಟು, ಪ್ರವಾಸಿಗರಿಗೆ ಮಧ್ಯಾಹ್ನದಿಂದ ಪ್ರವೇಶ ಕೊಡುತ್ತಾರೆ. ಚರ್ಮದ ವಸ್ತುಗಳನ್ನು ಒಳಗೆ ಬಿಡುವುದಿಲ್ಲ. ಆಬೂ ಪರ್ವತದ ದಿಲವಾಡಾ ಮಂದಿರಗಳಲ್ಲಿಯೂ ಪ್ರವಾಸಿಗರ ಹೊತ್ತು ಮಧ್ಯಾಹ್ನದ ಮೇಲೆ. ಒಳಗೆ ಛಾಯಾಚಿತ್ರ ನಿಷಿದ್ಧ. ಇದರಿಂದ ಜನರು ಬರುವುದು ನಿಂತಿತೇ? ಲೋಕದ ಯಾವ ಪ್ರವಾಸಿ ಪುಸ್ತಕವೂ ಈ ಎರಡು ಸ್ಥಳಗಳನ್ನು ಬಿಟ್ಟಿಲ್ಲ. ಬದಲಾಗಿ ಆ ನಿಯಮಗಳನ್ನೇ ತನ್ನ ಪುಟಗಳಲ್ಲಿ ಅಚ್ಚುಹಾಕಿಕೊಂಡಿದೆ. ಇಟಲಿಯ ವೆನಿಸ್ ನಗರವು 2021ರ ಆಗಸ್ಟಿನಿಂದ ತನ್ನ ಹಳೆಯ ಜಲಮಾರ್ಗದಲ್ಲಿ ದೊಡ್ಡ ವಿಹಾರನೌಕೆಗಳ ಪ್ರವೇಶವನ್ನೇ ತಡೆಯಿತು. ನೌಕೆಗಳ ಕಂಪನಿಗಳು ದಾರಿ ಬದಲಿಸಿಕೊಂಡವು. ಆತಿಥೇಯನು ದೃಢವಾಗಿ, ಸೌಜನ್ಯದಿಂದ ಹೇಳಿದ ಮಾತನ್ನು ಅತಿಥಿಯು ಕೇಳುತ್ತಾನೆ.

ಹಾಗಾದರೆ ಮಾಡತಕ್ಕುದೇನು? ಕ್ಷೇತ್ರಗಳಲ್ಲಿ ಮಾರಾಟವಾಗುವ ಪುಸ್ತಕಗಳು ಬಹುತೇಕ ನಮ್ಮವರಿಗಾಗಿ ಬರೆದವು. ‘ತೀರ್ಥಂಕರ’ ಎಂಬ ಪದವನ್ನೇ ಕೇಳದವನಿಗೆ ಅವು ನಿಲುಕವು. ಬಾಗಿಲಲ್ಲಿ ಕೊಡುವ ಕರಪತ್ರವು ಹೊತ್ತು ಮೀರಿದ ಮೇಲೆ ಕೊಟ್ಟ ಔಷಧ. ಬೇಕಾದುದು ಒಂದೇ ಹಾಳೆಯ ಎರಡು ಮಗ್ಗುಲಿನ ಪತ್ರ. ಉದಾಹರಣೆಗೆ, ಮೂಡುಬಿದಿರೆಯ ಪತ್ರವು ಹೀಗಿರಬಹುದು:

‘ನೀವು ಕಾಣಲಿರುವುದು ಇಂದಿಗೂ ಪೂಜೆ ನಡೆಯುವ ಜೈನ ಮಂದಿರ. ಇದರ ಒಳಗಿರುವ ಪ್ರತಿಮೆ ಎಂಟನೆಯ ತೀರ್ಥಂಕರರಾದ ಚಂದ್ರನಾಥರದು. ತೀರ್ಥಂಕರರೆಂದರೆ ರಾಗದ್ವೇಷಗಳನ್ನು ಗೆದ್ದು, ಆ ದಾರಿಯನ್ನು ಇತರರಿಗೆ ತೋರಿದವರು. ನಾವು ಅವರಿಂದ ವರವನ್ನು ಬೇಡುವುದಿಲ್ಲ. ಅವರಂತೆ ಆಗಬೇಕೆಂಬ ಹಂಬಲದಿಂದ ವಂದಿಸುತ್ತೇವೆ. ಯಾವ ಜೀವಿಯನ್ನೂ ನೋಯಿಸದಿರುವುದು ನಮ್ಮ ಧರ್ಮದ ಮೊದಲ ಮಾತು. ಆದುದರಿಂದ ಚರ್ಮದ ಬೆಲ್ಟು, ಚೀಲಗಳನ್ನು ವಾಹನದಲ್ಲಿಯೇ ಬಿಟ್ಟು ಬನ್ನಿರಿ. ಮಾಂಸಾಹಾರವನ್ನು ಆವರಣಕ್ಕೆ ತರಬೇಡಿರಿ. ಪೂಜೆಯ ಹೊತ್ತಿನಲ್ಲಿ ಹೊರಮಂಟಪದಲ್ಲಿ ಮೌನವಾಗಿ ಕುಳಿತಿರಿ. ಗರ್ಭಗೃಹದ ಚಿತ್ರ ತೆಗೆಯಬೇಡಿರಿ. ಕಾಣಿಕೆ ಕಡ್ಡಾಯವಲ್ಲ. ಸಂಶಯಗಳಿದ್ದರೆ ಕೇಳಿರಿ, ಉತ್ತರಿಸಲು ನಮಗೆ ಸಂತೋಷ.’

ಇಷ್ಟನ್ನು ಕನ್ನಡ, ಇಂಗ್ಲಿಷ್, ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿ ಬಲ್ಲವರಿಂದ ಬರೆಸಿ, ಬರೆದ ವರ್ಷವನ್ನೂ ಟ್ರಸ್ಟಿನ ಮುದ್ರೆಯನ್ನೂ ಹಾಕಿ, ಪ್ರತಿವರ್ಷ ನೌಕೆಗಳ ಕಾಲ ಆರಂಭವಾಗುವ ಮುನ್ನ ಬಂದರು ಪ್ರಾಧಿಕಾರಕ್ಕೂ ನೌಕೆಗಳ ಸ್ಥಳೀಯ ಏಜೆಂಟರಿಗೂ ಪ್ರವಾಸ ನಡೆಸುವವರಿಗೂ ಕಳುಹಿಸಬೇಕು. ಇದನ್ನು ಪೂರ್ಣವಾಗಿ ಮುದ್ರಿಸಿರಿ, ಸಂಕ್ಷೇಪಿಸುವುದಾದರೆ ನಮಗೆ ತೋರಿಸಿರಿ ಎಂದು ವಿನಯದಿಂದ ಕೇಳಬೇಕು. ಕೈಪಿಡಿ ಬರೆಯುವವನೂ ಹೊತ್ತಿಲ್ಲದ ಮನುಷ್ಯನೇ. ಸಿದ್ಧವಾದ, ಸರಿಯಾದ ವಾಕ್ಯ ಕೈಗೆ ಸಿಕ್ಕಿದರೆ ಅವನು ಅದನ್ನು ಬಿಡಲಾರನು. ಊರಿನ ಕಾಲೇಜಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ವಾರದ ಶಿಕ್ಷಣ ಕೊಟ್ಟು ಬಸದಿಯ ಬಾಗಿಲಲ್ಲಿ ನಿಲ್ಲಿಸಿದರೆ, ಬಂದವರಿಗೂ ಲಾಭ, ವಿವರಿಸುವ ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚಿನ ಲಾಭ.

ಪತ್ರದಲ್ಲಿ ಬರೆಯಬಾರದ ಸಂಗತಿಗಳೂ ಇವೆ. ಯಾವ ಅಂಗಡಿಯ ಹೆಸರೂ, ಎಷ್ಟೇ ಹಣ ಕೊಟ್ಟರೂ, ಅದರಲ್ಲಿ ಇರಕೂಡದು. ರತ್ನಬಿಂಬಗಳ ಎಣಿಕೆ, ಬೆಲೆ, ಇರಿಸಿದ ಸ್ಥಳ ಇವುಗಳ ಬಡಾಯಿ ಕೂಡದು. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಅಮೂಲ್ಯ ಬಿಂಬಗಳು ಕಳವಾದ ನೋವನ್ನು ಸಮಾಜ ಮರೆತಿಲ್ಲ. ಬಿಂಬದ ಮಹತ್ತ್ವವನ್ನು ಬೆಲೆಯಿಂದ ಹೇಳಲು ನಾವೇ ಆರಂಭಿಸಿದರೆ ಕೇಳುವವನೂ ಬೆಲೆಯನ್ನೇ ಕಲಿಯುತ್ತಾನೆ. ‘ಲೋಕದಲ್ಲಿಯೇ ದೊಡ್ಡದು’, ‘ಎಲ್ಲಿಯೂ ಇಲ್ಲದುದು’ ಎಂಬ ಮಾತುಗಳೂ ಬೇಡ. ಅವು ಪೇಟೆಯ ಮಾತುಗಳು.

ಕರಾವಳಿಯ ಟ್ರಸ್ಟುಗಳಿಗೆ ಹೇಳಿದ ಈ ಮಾತು ನಮ್ಮ ಸೀಮೆಗೂ ಸಲ್ಲುತ್ತದೆ. ಹುಬ್ಬಳ್ಳಿಯ ಸಮೀಪ ವರೂರಿನ ನವಗ್ರಹ ತೀರ್ಥಕ್ಕೆ ಹೆದ್ದಾರಿಯ ಬಸ್ಸುಗಳಿಂದ ಇಳಿಯುವವರೂ ಅರ್ಧ ಗಂಟೆಯ ಪ್ರವಾಸಿಗರೇ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ನೋಡಬರುವವರೂ ಅಂಥವರೇ. ಅವರ ಕೈಯಲ್ಲಿಯೂ ಯಾರೋ ಬರೆದ ನಾಲ್ಕು ವಾಕ್ಯಗಳಿರುತ್ತವೆ.

ಸಂಕ್ಷೇಪವಾಗಿ ಸತ್ಯವನ್ನು ಬರೆಯುವ ಕಲೆ ನಮಗೆ ಹೊಸದಲ್ಲ. ನಮ್ಮ ಮೊರಬದಲ್ಲಿ ದೊರೆತ ಒಂದು ಹಳೆಯ ಶಾಸನವು ಯಾಪನೀಯ ಸಂಘದ ಜಯಕೀರ್ತಿದೇವರ ಶಿಷ್ಯರಾದ ನಾಗಚಂದ್ರ ಸಿದ್ಧಾಂತದೇವರ ಸಮಾಧಿಮರಣವನ್ನು ದಾಖಲಿಸುತ್ತದೆ. ಯಾರು, ಯಾರ ಶಿಷ್ಯರು, ಹೇಗೆ ದೇಹವನ್ನು ಬಿಟ್ಟರು ಎಂಬುದು ಅದರಿಂದ ತಿಳಿಯುತ್ತದೆ. ಯಾಪನೀಯ ಸಂಘವೇ ಅಳಿದುಹೋಗಿ ಎಷ್ಟೋ ಶತಮಾನಗಳಾದ ಮೇಲೂ ದಾರಿಹೋಕನಿಗೆ ಆ ಮುನಿಯ ಗುರುತನ್ನು ಹೇಳುತ್ತಿರುವುದು ಆ ಕಲ್ಲೇ. ಅಂದಿನ ಶ್ರಾವಕರು ಆ ಬರಹವನ್ನು ಬೇರೆಯವರಿಗೆ ಬಿಟ್ಟಿದ್ದರೆ ನಾಗಚಂದ್ರರ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಟ್ರಸ್ಟುಗಳ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸುಣ್ಣಬಣ್ಣ, ಜೀರ್ಣೋದ್ಧಾರ, ಪಂಚಕಲ್ಯಾಣಗಳ ಜೊತೆಗೆ ‘ಸಂದರ್ಶಕರ ಪರಿಚಯಪತ್ರ’ ಎಂಬ ಒಂದು ವಿಷಯವನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ. ಅದಕ್ಕೆ ತಗಲುವ ವೆಚ್ಚವು ಒಂದು ಸಮಾರಂಭದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗಲಾರದು. ಮುಂದಿನ ನೌಕೆ ಪಣಂಬೂರಿಗೆ ಬರುವಷ್ಟರಲ್ಲಿ ಆ ಹಾಳೆ ಸಿದ್ಧವಾಗಿರಲಿ.

ಜೈನಂ ಜಯತು ಶಾಸನಂ.